ಸ್ಟೀರಾಯ್ಡ್ ಇಳಿಸಿದರೆ ಕಣ್ಣಿನ ಉರಿಯೂತ ಮತ್ತೆ ಬರುತ್ತಿದೆ, ಮುಂದೇನು?

ಪ್ರಶ್ನೆ: ನನಗೆ 31 ವರ್ಷ. ಒಂದೂವರೆ ವರ್ಷದ ಹಿಂದೆ ಎಡಗಣ್ಣಿನ ಮುಂದೆ ಕಪ್ಪು ಚುಕ್ಕೆಗಳು ತೇಲಲು ಶುರುವಾಯಿತು. ನೋಟ ಮಂಜಾಯಿತು. ಕಣ್ಣು ಕೆಂಪಾಗಿರಲಿಲ್ಲ, ನೋವೂ ಇರಲಿಲ್ಲ. ಕಣ್ಣಿನ ಒಳಗೆ ಉರಿಯೂತ, ಯುವಿಯೈಟಿಸ್ ಅಂದರು. ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ತಗೊಂಡ ಮೇಲೆ ಬೇಗ ಸರಿಹೋಯಿತು. ಆದರೆ ದಿನಕ್ಕೆ 10 ಮಿಲಿಗ್ರಾಂಗೆ ಇಳಿಸಿದಾಗೆಲ್ಲ ಮತ್ತೆ ಬರುತ್ತದೆ. ಮೂರು ಸಲ ಹೀಗೇ ಆಯಿತು. ಮುಖ ಊದಿಕೊಂಡಿದೆ, ತೂಕ ಏರಿದೆ. ಈಗ ಮೆಥೊಟ್ರೆಕ್ಸೇಟ್ ಶುರು ಮಾಡೋಣ ಅಂತಿದ್ದಾರೆ. ಅದು ಕ್ಯಾನ್ಸರ್ ಔಷಧಿ ಅಂತ ಓದಿ ಭಯವಾಯಿತು. ಬರೀ ಡ್ರಾಪ್ಸ್ ಹಾಕಿಕೊಂಡು ಇರಬಹುದಾ? ಕಣ್ಣಿಗೇ ಇಂಜೆಕ್ಷನ್ ಕೊಡುತ್ತಾರಂತೆ, ಅದು ಒಳ್ಳೆಯದಾ? ಮುಂದಿನ ವರ್ಷ ಮಗು ಬೇಕು ಅಂತಲೂ ಇದ್ದೇವೆ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಸ್ಟೀರಾಯ್ಡ್ ಬಿಟ್ಟು ಬೇರೆ ಔಷಧಿಗೆ ಹೋಗಬೇಕು ಅಂತ ನಿಮ್ಮ ವೈದ್ಯರು ಅಂದಿದ್ದು ಸರಿ. ಎರಡನೇ ಸಲ ಮರಳಿ ಬಂದಾಗಲೇ ಈ ಮಾತು ಬಂದಿದ್ದರೆ ಇನ್ನೂ ಒಳ್ಳೆಯದಿತ್ತು. ಆದರೆ ಆ ಬೇರೆ ಔಷಧಿ ಮೆಥೊಟ್ರೆಕ್ಸೇಟೇ ಆಗಬೇಕಾ? ಅದನ್ನು ಇನ್ನೊಮ್ಮೆ ಯೋಚಿಸಬೇಕು. ಮಗುವಿನ ವಿಷಯ ಅವರಿಗೆ ಹೇಳಿದ್ದೀರಾ? ಹೇಳಿಲ್ಲ ಅಂದರೆ ಮೊದಲ ಮಾತ್ರೆ ನುಂಗುವ ಮುಂಚೆ ಹೇಳಿ. ಇದು ತುಂಬಾ ಮುಖ್ಯ. ಕಾರಣ ಮುಂದೆ ಬರೆದಿದ್ದೇನೆ.

ನಿಮ್ಮ ಕಣ್ಣನ್ನು ನಾನು ನೋಡಿಲ್ಲ. ಹಾಗಾಗಿ ಇದನ್ನು ಔಷಧಿ ಚೀಟಿ ಅಂದುಕೊಳ್ಳಬೇಡಿ. ವೈದ್ಯರ ಜೊತೆ ಕೂತು ಮಾತಾಡುವಾಗ ಏನು ಕೇಳಬೇಕು, ಅವರು ಹೇಳಿದ್ದು ಯಾಕೆ ಅಂತ ಗೊತ್ತಾಗಲಿ ಅನ್ನುವುದಷ್ಟೇ ನನ್ನ ಆಸೆ.

ಕಣ್ಣುಗುಡ್ಡೆಯ ಗೋಡೆಯಲ್ಲಿ ರಕ್ತನಾಳಗಳು ತುಂಬಿಕೊಂಡಿರುವ ಒಂದು ಪದರ ಇದೆ. ಅದೇ ಯುವಿಯಾ. ಮುಂದೆ ಪಾಪೆಯ ಸುತ್ತಲಿನ ಬಣ್ಣದ ಭಾಗ, ನಡುವೆ ಕಣ್ಣಿನ ಒಳಗಿನ ನೀರು (ಕಣ್ಣೀರಲ್ಲ) ತಯಾರಾಗುವ ಭಾಗ, ಹಿಂದೆ ಬೆಳಕನ್ನು ಗ್ರಹಿಸುವ ರೆಟಿನಾಗೆ ರಕ್ತ ಕೊಡುವ ಪದರ, ಎಲ್ಲವೂ ಅದರದ್ದೇ. ಉರಿಯೂತ ಮುಂದೆ ಬಂದರೆ ಕಣ್ಣು ಕೆಂಪಾಗುತ್ತದೆ, ಬೆಳಕು ನೋಡಲು ಆಗುವುದಿಲ್ಲ, ನೋವು ಜೋರಾಗಿರುತ್ತದೆ. ಜನ ಒಂದೆರಡು ದಿನದಲ್ಲೇ ಡಾಕ್ಟರ್ ಹತ್ತಿರ ಓಡುತ್ತಾರೆ. ನಡುವೆ ಅಥವಾ ಹಿಂದೆ ಬಂದರೆ ಇದ್ಯಾವುದೂ ಇರದೇ ಇರಬಹುದು. ಚುಕ್ಕೆಗಳು ತೇಲುತ್ತವೆ, ನೋಟ ಮಬ್ಬಾಗುತ್ತದೆ, ಅಷ್ಟೇ. ನೀವು ಬರೆದಿದ್ದನ್ನು ಓದಿದರೆ ನಿಮ್ಮದು ಈ ಎರಡನೇ ಗುಂಪು ಅನ್ನಿಸುತ್ತದೆ. ಕಣ್ಣು ಬೆಳ್ಳಗಿದೆ, ನೋವಿಲ್ಲ ಅಂದ ಮಾತ್ರಕ್ಕೆ ಒಳಗೆ ಎಲ್ಲ ಶಾಂತವಾಗಿದೆ ಅಂತಲ್ಲ. ಬೂದಿ ಮುಚ್ಚಿದ ಕೆಂಡದ ಹಾಗೆ ಅದು ಸದ್ದಿಲ್ಲದೆ ಇರುತ್ತದೆ. ಚಿಕಿತ್ಸೆಯ ಎಲ್ಲ ತೀರ್ಮಾನಗಳೂ ಈ ಒಂದು ವಿಷಯದ ಮೇಲೆ ನಿಂತಿವೆ.

ಹೀಗೆ ಸುಮ್ಮನೆ ಉರಿಯುತ್ತಿದ್ದರೆ ಏನಾಗುತ್ತದೆ? ಓದಲು, ಮುಖ ಗುರುತಿಸಲು ನಾವು ಬಳಸುವುದು ರೆಟಿನಾದ ನಟ್ಟನಡುವಿನ ಒಂದು ಸಣ್ಣ ಜಾಗ. ಅದಕ್ಕೆ ಮ್ಯಾಕ್ಯುಲಾ ಅನ್ನುತ್ತಾರೆ. ಉರಿಯೂತದಿಂದ ಅಲ್ಲಿ ನೀರು ತುಂಬಿ ಊದುತ್ತದೆ. ಯುವಿಯೈಟಿಸ್ ಇರುವವರಲ್ಲಿ ನೋಟ ಕಡಿಮೆಯಾಗಲು ದೊಡ್ಡ ಕಾರಣ ಈ ಊತ. ಕೆಲವು ವಾರ ಇದ್ದು ಇಳಿದರೆ ನೋಟ ಸಾಮಾನ್ಯವಾಗಿ ಮರಳುತ್ತದೆ. ತಿಂಗಳುಗಟ್ಟಲೆ ಇದ್ದರೆ ಅಲ್ಲಿನ ಜೀವಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಮೂರು ಸಲ ಬಂದು ಹೋಗಿದೆ, ಮೂರು ಸಲವೂ ಸರಿಯಾಯಿತು ಅಂತ ನಿಮಗೆ ಅನ್ನಿಸಿರಬಹುದು. ಪ್ರತಿ ಸಲವೂ ಅದು ಸ್ವಲ್ಪ ಸ್ವಲ್ಪ ಹಾನಿ ಮಾಡಿ ಹೋಗುವ ಸಾಧ್ಯತೆ ಇದೆ. ಮುಂದಿನ ಭೇಟಿಯಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ನನ್ನ ಮ್ಯಾಕ್ಯುಲಾ ಊದಿದೆಯಾ? ಬೆಳಕಿನಿಂದ ರೆಟಿನಾದ ಪದರಗಳ ಚಿತ್ರ ತೆಗೆಯುವ ಒಸಿಟಿ ಸ್ಕ್ಯಾನ್ ಐದು ನಿಮಿಷದಲ್ಲಿ ಹೇಳುತ್ತದೆ. ಸೂಜಿ ಇಲ್ಲ, ನೋವಿಲ್ಲ.

ಈಗ ಡ್ರಾಪ್ಸ್ ವಿಷಯ. ಕಣ್ಣಿನ ಮುಂಭಾಗದ ಉರಿಯೂತಕ್ಕೆ ಡ್ರಾಪ್ಸ್‌ಗಿಂತ ಒಳ್ಳೆಯ ಆರಂಭ ಇಲ್ಲ. 1 ಶೇಕಡಾ ಪ್ರೆಡ್ನಿಸೊಲೋನ್ ಅಸಿಟೇಟ್ ಡ್ರಾಪ್ಸ್ ಗಂಟೆಗೊಮ್ಮೆ ಹಾಕಿ, ಆಮೇಲೆ ವಾರಗಳ ಮೇಲೆ ನಿಧಾನವಾಗಿ ಇಳಿಸುತ್ತಾರೆ. ಜೊತೆಗೆ ಪಾಪೆ ದೊಡ್ಡದು ಮಾಡುವ ಹೋಮಾಟ್ರೊಪಿನ್ ಅಥವಾ ಅಟ್ರೊಪಿನ್ ಡ್ರಾಪ್ಸ್. ಅದರಿಂದ ನೋಟ ಮಂಜಾಗುತ್ತದೆ ಅಂತ ಎಷ್ಟೋ ಜನ ಅರ್ಧಕ್ಕೇ ಬಿಟ್ಟುಬಿಡುತ್ತಾರೆ. ಹಾಗೆ ಮಾಡಬಾರದು. ಉರಿಯೂತ ಇರುವಾಗ ಪಾಪೆಯ ಅಂಚು ಹಿಂದಿನ ಲೆನ್ಸ್‌ಗೆ ಅಂಟಿಕೊಳ್ಳುತ್ತದೆ. ಪಾಪೆಯನ್ನು ಅಗಲವಾಗಿ ಇಟ್ಟರೆ ಆ ಅಂಟು ತಪ್ಪುತ್ತದೆ, ನೋವೂ ಇಳಿಯುತ್ತದೆ. ಇನ್ನೊಂದು ಸಣ್ಣ ಮಾತು. ಪ್ರೆಡ್ನಿಸೊಲೋನ್ ಅಸಿಟೇಟ್ ನೀರಿನಲ್ಲಿ ಪೂರ್ತಿ ಕರಗುವುದಿಲ್ಲ, ಔಷಧಿ ತಳದಲ್ಲಿ ಕೂರುತ್ತದೆ. ಬಾಟಲಿ ಚೆನ್ನಾಗಿ ಅಲ್ಲಾಡಿಸದೆ ಹಾಕಿದರೆ ಬರೀ ನೀರು ಹಾಕಿದಂತೆಯೇ.

ಆದರೆ ನಿಮ್ಮ ತೊಂದರೆ ಕಣ್ಣಿನ ನಡುವೆ ಅಥವಾ ಹಿಂದೆ ಇದೆ ಅಲ್ವಾ? ಡ್ರಾಪ್ಸ್ ಅಲ್ಲಿಯವರೆಗೆ ಸಾಕಷ್ಟು ತಲುಪುವುದಿಲ್ಲ. ಡೈಫ್ಲುಪ್ರೆಡ್ನೇಟ್ ಅನ್ನುವ ಸ್ವಲ್ಪ ಬಲವಾದ ಡ್ರಾಪ್ಸ್ ಇದೆ. ಅದು ಕೆಲವರಲ್ಲಿ ಹಿಂಭಾಗದ ಊತವನ್ನೂ ತುಸು ಇಳಿಸುತ್ತದೆ, ಆದರೆ ಕಣ್ಣಿನ ಒತ್ತಡವನ್ನು ಏರಿಸುವ ಗುಣವೂ ಅದಕ್ಕೆ ಜಾಸ್ತಿ. ಹಾಗಾಗಿ ಬರೀ ಡ್ರಾಪ್ಸ್ ಮೇಲೆ ಇರಬಹುದಾ ಅನ್ನುವ ನಿಮ್ಮ ಪ್ರಶ್ನೆಗೆ, ನೀವು ಬರೆದ ವಿವರ ನೋಡಿದರೆ, ಇಲ್ಲ ಅಂತಲೇ ಹೇಳಬೇಕು.

ಮಾತು ಬಂದಿದ್ದರಿಂದ ಎಲ್ಲ ಓದುಗರಿಗೂ ಒಂದು ವಿಷಯ ಹೇಳುತ್ತೇನೆ. ಕಣ್ಣು ಕೆಂಪಾಯಿತು ಅಂತ ಮನೆಯಲ್ಲಿ ಉಳಿದಿರುವ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿಕೊಳ್ಳಬೇಡಿ. ಕೆಂಪಾಗಲು ಕಾರಣ ಹರ್ಪಿಸ್ ವೈರಸ್ ಅಥವಾ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರದ) ಫಂಗಸ್ ಹುಣ್ಣು ಆಗಿದ್ದರೆ, ಸ್ಟೀರಾಯ್ಡ್ ಅದನ್ನು ಬೆಳೆಸುತ್ತದೆ. ಮೊದಲೆರಡು ದಿನ ಕೆಂಪು ಇಳಿದು ಹಾಯ್ ಅನ್ನಿಸುತ್ತದೆ. ಒಳಗೆ ಹುಣ್ಣು ದೊಡ್ಡದಾಗುತ್ತಾ ಹೋಗುತ್ತದೆ. ಹೀಗೆ ಹೋದ ನೋಟ ವಾಪಸ್ ಬರದೇ ಇರಬಹುದು.

ಸೋಂಕಿನ ಮಾತು ನಿಮಗೂ ಬೇಕು. ಯುವಿಯೈಟಿಸ್ ಅನ್ನುವುದು ಒಂದೇ ಕಾಯಿಲೆಯ ಹೆಸರು ಅಲ್ಲ, ಹಲವು ಕಾಯಿಲೆಗಳು ಕಣ್ಣಿನಲ್ಲಿ ಕಾಣಿಸುವ ರೀತಿ. ಕ್ಷಯ, ಸಿಫಿಲಿಸ್, ಟಾಕ್ಸೊಪ್ಲಾಸ್ಮಾ, ಹರ್ಪಿಸ್ ಗುಂಪಿನ ವೈರಸ್‌ಗಳಂಥ ಸೋಂಕುಗಳು ಒಂದು ಕಡೆ. ಸೋಂಕಿಲ್ಲದೆ ಉರಿಯೂತ ತರುವ ಸಾರ್ಕಾಯ್ಡೋಸಿಸ್, ಬೆಹ್ಚೆಟ್ ಕಾಯಿಲೆ, ಬೆನ್ನುಮೂಳೆ ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇನ್ನೊಂದು ಕಡೆ. ಎಷ್ಟು ಹುಡುಕಿದರೂ ಕಾರಣ ಸಿಗದವರೂ ಬಹಳ ಜನ. ಸೋಂಕು ಇದ್ದರೆ ಅದಕ್ಕೆ ತಕ್ಕ ಆ್ಯಂಟಿಬಯೋಟಿಕ್ ಅಥವಾ ಆ್ಯಂಟಿವೈರಲ್ ಮೊದಲು ಬೇಕು. ಅದಿಲ್ಲದೆ ಮೆಥೊಟ್ರೆಕ್ಸೇಟ್‌ನಂಥ ಪ್ರತಿರೋಧ ಶಕ್ತಿ ತಗ್ಗಿಸುವ ಔಷಧಿ ಕೊಟ್ಟರೆ ಸೋಂಕಿಗೆ ದಾರಿ ಬಿಟ್ಟುಕೊಟ್ಟಂತೆ. ನಿಮಗೆ ಕ್ಷಯದ ಪರೀಕ್ಷೆ, ಎದೆಯ ಎಕ್ಸ್‌ರೇ ಅಥವಾ ಸಿಟಿ, ಸಿಫಿಲಿಸ್ ರಕ್ತ ಪರೀಕ್ಷೆ ಆಗಿದೆಯಾ? ಒಂದೂವರೆ ವರ್ಷದ ಹಿಂದೆ ಆಗಿದ್ದರೂ ಫಲಿತಾಂಶ ಇನ್ನೊಮ್ಮೆ ತೆಗೆದು ನೋಡಿ ಅಂತ ಕೇಳಿ. ಸಿಫಿಲಿಸ್ ಹೆಸರು ಕೇಳಿ ಮುಜುಗರ ಪಡಬೇಡಿ. ಯಾರ ನಡತೆಯನ್ನೂ ಅನುಮಾನಿಸಿ ಆ ಪರೀಕ್ಷೆ ಮಾಡುವುದಿಲ್ಲ. ಯುವಿಯೈಟಿಸ್ ಇರುವ ಎಲ್ಲರಿಗೂ ಅದನ್ನು ಮಾಡುವುದೇ ಒಳ್ಳೆಯ ಪದ್ಧತಿ, ಯಾಕೆಂದರೆ ಅದು ಪೂರ್ತಿ ಗುಣವಾಗುವ ಕಾರಣ.

ಇನ್ನು ಸ್ಟೀರಾಯ್ಡ್ ಮಾತ್ರೆ. 1948ರಲ್ಲಿ ಫಿಲಿಪ್ ಹೆಂಚ್ ಮತ್ತು ಜೊತೆಯವರು ಕೀಲುವಾತದ ರೋಗಿಗೆ ಮೊದಲ ಸಲ ಕಾರ್ಟಿಸೋನ್ ಕೊಟ್ಟರು. ಎರಡೇ ವರ್ಷದಲ್ಲಿ ಆ ಕೆಲಸಕ್ಕೆ ನೊಬೆಲ್ ಬಂತು. ಕಣ್ಣಿನ ಉರಿಯೂತಕ್ಕೂ ಇಷ್ಟು ಬೇಗ ಕೆಲಸ ಮಾಡುವ ಔಷಧಿ ಇವತ್ತಿಗೂ ಬೇರೆ ಇಲ್ಲ. ಜೋರಾಗಿ ಉರಿಯುತ್ತಿರುವಾಗ ದೇಹದ ತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂ ಲೆಕ್ಕದಲ್ಲಿ, ಹೆಚ್ಚೆಂದರೆ ದಿನಕ್ಕೆ 60 ಮಿಲಿಗ್ರಾಂವರೆಗೆ ಶುರು ಮಾಡುತ್ತಾರೆ. ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಅದು ಕೆಲವು ವಾರಗಳಿಗೆ ಸರಿ, ವರ್ಷಗಳಿಗೆ ಅಲ್ಲ. ಮೂಳೆ ಸವೆಯುತ್ತದೆ, ಸಕ್ಕರೆ ಮತ್ತು ರಕ್ತದೊತ್ತಡ ಏರುತ್ತದೆ, ನಿದ್ದೆ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ. ಕಣ್ಣಿನಲ್ಲೇ ಪೊರೆ ಬರುತ್ತದೆ, ಒತ್ತಡ ಏರಿ ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಆಗುತ್ತದೆ. ನೀವು ಬರೆದ ಮುಖದ ಊತ ಕನ್ನಡಿಯಲ್ಲಿ ಕಾಣುತ್ತದೆ, ಮೂಳೆಯ ಸವೆತ ಕಾಣುವುದಿಲ್ಲ.

ಅದಕ್ಕೇ ತಜ್ಞರು ಒಂದು ಗೆರೆ ಹಾಕಿಕೊಂಡಿದ್ದಾರೆ. ಸುಮಾರು ಮೂರು ತಿಂಗಳಲ್ಲಿ ಪ್ರೆಡ್ನಿಸೊಲೋನ್ ದಿನಕ್ಕೆ 7.5 ಮಿಲಿಗ್ರಾಂ ಅಥವಾ ಅದಕ್ಕಿಂತ ಕೆಳಗೆ ಇಳಿಯಬೇಕು, ಕಣ್ಣೂ ಶಾಂತವಾಗಿರಬೇಕು. ಇವೆರಡೂ ಒಟ್ಟಿಗೆ ಆಗದಿದ್ದರೆ ಬೇರೆ ಔಷಧಿ ಸೇರಿಸಬೇಕು. ನಿಮ್ಮದು 10ರಲ್ಲೇ ಮುರಿಯುತ್ತಿದೆ, ಅದೂ ಮೂರು ಸಲ. ಇನ್ನೊಮ್ಮೆ ನಿಧಾನವಾಗಿ ಇಳಿಸಿ ನೋಡೋಣ ಅನ್ನುವ ಆಸೆ ಸಹಜ, ಆದರೆ ಅದು ಫಲ ಕೊಡುವ ಸಾಧ್ಯತೆ ಕಡಿಮೆ. ಒಂದು ಎಚ್ಚರಿಕೆ ಮಾತ್ರ ಖಂಡಿತ ಇರಲಿ. ಭಯದಿಂದಲೋ ಬೇಸರದಿಂದಲೋ ಸ್ಟೀರಾಯ್ಡನ್ನು ಒಮ್ಮೆಗೇ ನಿಲ್ಲಿಸಬೇಡಿ. ಇಷ್ಟು ತಿಂಗಳು ಹೊರಗಿನಿಂದ ಬರುತ್ತಿದ್ದರಿಂದ ನಿಮ್ಮ ದೇಹ ತನ್ನ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಹಠಾತ್ತನೆ ಬಿಟ್ಟರೆ ರಕ್ತದೊತ್ತಡ ಕುಸಿದು ಜೀವಕ್ಕೇ ತೊಂದರೆ ಆಗಬಹುದು.

ಮೆಥೊಟ್ರೆಕ್ಸೇಟ್ ಕ್ಯಾನ್ಸರ್ ಔಷಧಿಯಾ? ಹೌದು, ಅದಕ್ಕೂ ಬಳಸುತ್ತಾರೆ. ಆದರೆ ಪ್ರಮಾಣದಲ್ಲಿ ಅಜಗಜಾಂತರ ಇದೆ. ಕೆಲವು ಕ್ಯಾನ್ಸರ್‌ಗಳಿಗೆ ಒಂದೇ ಸಲ ಗ್ರಾಂ ಲೆಕ್ಕದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಕಣ್ಣಿಗೆ ಕೊಡುವುದು ವಾರಕ್ಕೆ 15ರಿಂದ 25 ಮಿಲಿಗ್ರಾಂ. ಕೀಲುವಾತದವರು ಇದೇ ಪ್ರಮಾಣದಲ್ಲಿ ದಶಕಗಳಿಂದ ನುಂಗುತ್ತಿದ್ದಾರೆ. ಕಣ್ಣಿನ ಉರಿಯೂತಕ್ಕೂ 1960ರ ದಶಕದಿಂದಲೇ ಬಳಕೆಯಲ್ಲಿದೆ. ಕೂದಲು ಪೂರ್ತಿ ಉದುರುವುದು, ವಾಂತಿಯಿಂದ ಹಾಸಿಗೆ ಹಿಡಿಯುವುದು ಈ ಪ್ರಮಾಣದಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ. ವಾಕರಿಕೆ, ಸುಸ್ತು, ಬಾಯಿಹುಣ್ಣು ಬರಬಹುದು. ಫೋಲಿಕ್ ಆಸಿಡ್ ಮಾತ್ರೆ ಜೊತೆಗೆ ಕೊಡುವುದು ಇವನ್ನು ತಗ್ಗಿಸಲು. ಲಿವರ್ ಮತ್ತು ರಕ್ತಕಣಗಳನ್ನು ಮೊದಮೊದಲು ಕೆಲವು ವಾರಗಳಿಗೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಬೇಕು. ಮದ್ಯ ಬೇಡ.

ನನಗೆ ಈ ಔಷಧಿಯಲ್ಲಿ ನಿಜಕ್ಕೂ ಭಯ ಆಗುವುದು ಒಂದೇ ತಪ್ಪಿನ ಬಗ್ಗೆ. ಇದು ವಾರಕ್ಕೊಂದು ದಿನ ತೆಗೆದುಕೊಳ್ಳುವ ಔಷಧಿ. ಗೊತ್ತಾಗದೆ ದಿನಾ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ವಾರದ ಒಂದು ದಿನ ಗೊತ್ತು ಮಾಡಿ, ಚೀಟಿಯ ಮೇಲೆ ಆ ದಿನದ ಹೆಸರು ಬರೆಸಿಕೊಳ್ಳಿ. ಮನೆಯವರಿಗೂ ಹೇಳಿಡಿ.

ಇದರ ಜೊತೆಗೆ ಹೆಸರು ಕೇಳಿಬರುವುದು ಮೈಕೊಫೆನೊಲೇಟ್, ಅದೂ ಪ್ರತಿರೋಧ ಶಕ್ತಿ ತಗ್ಗಿಸುವ ಔಷಧಿಯೇ. ಇವೆರಡರಲ್ಲಿ ಯಾವುದು ಮೇಲು ಅಂತ ನೋಡಲು ಹಲವು ದೇಶಗಳ 216 ರೋಗಿಗಳ ಮೇಲೆ ನಡೆದ ಫಾಸ್ಟ್ ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು. ಆರು ತಿಂಗಳಲ್ಲಿ ಸ್ಟೀರಾಯ್ಡ್ ಇಳಿಸಿಯೂ ಕಣ್ಣು ಶಾಂತವಾಗಿದ್ದವರು ಮೆಥೊಟ್ರೆಕ್ಸೇಟ್ ಗುಂಪಿನಲ್ಲಿ ಸುಮಾರು ಶೇಕಡಾ 67, ಮೈಕೊಫೆನೊಲೇಟ್ ಗುಂಪಿನಲ್ಲಿ ಸುಮಾರು 57. ಮೈಕೊಫೆನೊಲೇಟ್ ಮೇಲು ಅಂತ ತೋರಲಿಲ್ಲ. ಅಂದರೆ ಹಳೆಯ ಔಷಧಿ ಹೊಸದಕ್ಕೆ ಕಡಿಮೆಯೇನಿಲ್ಲ. ಆದರೆ ಮೂರರಲ್ಲಿ ಒಬ್ಬರಿಗೆ ಮೆಥೊಟ್ರೆಕ್ಸೇಟೂ ಸಾಲಲಿಲ್ಲ ಅನ್ನುವುದನ್ನೂ ಇದೇ ಅಂಕಿ ಹೇಳುತ್ತದೆ. ಯಾವುದೇ ಆಗಲಿ, ಪೂರ್ತಿ ಕೆಲಸ ಮಾಡಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಸ್ಟೀರಾಯ್ಡ್ ಜೊತೆಯಲ್ಲಿರಬೇಕು. ನಾಲ್ಕು ವಾರಕ್ಕೆ ಏನೂ ಆಗಲಿಲ್ಲ ಅಂತ ಬಿಟ್ಟವರನ್ನು ನೋಡಿ ಬೇಸರವಾಗುತ್ತದೆ.

ಈಗ ಮಗುವಿನ ವಿಷಯ. ಮೆಥೊಟ್ರೆಕ್ಸೇಟ್ ಮತ್ತು ಮೈಕೊಫೆನೊಲೇಟ್ ಎರಡೂ ಗರ್ಭಿಣಿಯರಿಗೆ ಬೇಡವೇ ಬೇಡ. ಗರ್ಭಪಾತ ಆಗಬಹುದು, ಮಗುವಿಗೆ ಹುಟ್ಟಿನಿಂದಲೇ ದೋಷಗಳು ಬರಬಹುದು. ಮೆಥೊಟ್ರೆಕ್ಸೇಟ್ ನಿಲ್ಲಿಸಿ ಒಂದರಿಂದ ಮೂರು ತಿಂಗಳು, ಮೈಕೊಫೆನೊಲೇಟ್ ನಿಲ್ಲಿಸಿ ಕನಿಷ್ಠ ಆರು ವಾರ ಬಿಟ್ಟೇ ಗರ್ಭಕ್ಕೆ ಯೋಚಿಸಬೇಕು. ತೆಗೆದುಕೊಳ್ಳುವಷ್ಟು ದಿನ ಗರ್ಭ ನಿಲ್ಲದಂತೆ ನಂಬಿಕೆಯ ಉಪಾಯ ಇರಬೇಕು. ಈಗ ಲೆಕ್ಕ ಹಾಕಿ. ಇವತ್ತು ಮೆಥೊಟ್ರೆಕ್ಸೇಟ್ ಶುರು ಮಾಡಿದರೆ ಅದು ಹಿಡಿಯಲು ಮೂರು ತಿಂಗಳು, ಸ್ಟೀರಾಯ್ಡ್ ಇಳಿಸಲು ಇನ್ನೊಂದಷ್ಟು ತಿಂಗಳು. ಕಣ್ಣು ಶಾಂತವಾಯಿತು ಅನ್ನುವಷ್ಟರಲ್ಲಿ ಮಗುವಿಗಾಗಿ ನಿಲ್ಲಿಸುವ ಸಮಯ ಬರುತ್ತದೆ. ಇದು ಸರಿಹೊಂದುವುದಿಲ್ಲ ಅಲ್ವಾ?

ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡು ದಾರಿಗಳ ಬಗ್ಗೆ ಕೇಳುತ್ತಿದ್ದೆ. ಒಂದು ಅಜಥಿಯೊಪ್ರಿನ್. ಇದೂ ಹಳೆಯ ಮಾತ್ರೆ, ನಿಧಾನದ್ದು, ಕೆಲವರಿಗೆ ಹೊಟ್ಟೆಗೆ ಒಗ್ಗುವುದಿಲ್ಲ. ಆದರೆ ಗರ್ಭದಲ್ಲಿ ಬಳಸಬಹುದು ಅನ್ನುವ ಅನುಭವ ಸಾಕಷ್ಟಿದೆ. ಶುರು ಮಾಡುವ ಮುಂಚೆ ಟಿಪಿಎಂಟಿ ಅನ್ನುವ ಕಿಣ್ವದ ರಕ್ತ ಪರೀಕ್ಷೆ ಸಾಧ್ಯವಾದರೆ ಮಾಡಿಸಬೇಕು. ಆ ಕಿಣ್ವ ಕಡಿಮೆ ಇರುವವರಲ್ಲಿ ಬಿಳಿ ರಕ್ತಕಣಗಳು ಅಪಾಯದ ಮಟ್ಟಕ್ಕೆ ಕುಸಿಯುತ್ತವೆ. ಎರಡನೆಯದು ಅಡಾಲಿಮುಮ್ಯಾಬ್. ಉರಿಯೂತವನ್ನು ಕೆರಳಿಸುವ ಟಿಎನ್ಎಫ್ ಅನ್ನುವ ಒಂದೇ ಒಂದು ವಸ್ತುವನ್ನು ಹಿಡಿದು ತಡೆಯುವ ಔಷಧಿ. ಎರಡು ವಾರಕ್ಕೊಮ್ಮೆ ಹೊಟ್ಟೆಯ ಅಥವಾ ತೊಡೆಯ ಚರ್ಮದ ಕೆಳಗೆ ನೀವೇ ಚುಚ್ಚಿಕೊಳ್ಳಬಹುದು. ಸೋಂಕಿಲ್ಲದ, ನಡುವಿನ ಮತ್ತು ಹಿಂಭಾಗದ ಯುವಿಯೈಟಿಸ್‌ಗೆ ಇದಕ್ಕೆ 2016ರಲ್ಲಿ ಅಮೆರಿಕ ಮತ್ತು ಯುರೋಪ್ ಎರಡೂ ಕಡೆ ಅನುಮತಿ ಸಿಕ್ಕಿತು. ಅದಕ್ಕೆ ಆಧಾರವಾದ ಒಂದು ಪ್ರಯೋಗದಲ್ಲಿ ಸ್ಟೀರಾಯ್ಡ್ ಇಳಿಸುತ್ತಾ ಹೋದಾಗ ಹೋಲಿಕೆಗಾಗಿ ಔಷಧಿಯಿಲ್ಲದ ಹುಸಿ ಇಂಜೆಕ್ಷನ್ ಪಡೆದವರಲ್ಲಿ ಉರಿಯೂತ ಸುಮಾರು 13 ವಾರಕ್ಕೆ ಮರಳಿತು, ಇದನ್ನು ಪಡೆದವರಲ್ಲಿ 24 ವಾರ ಹಿಡಿಯಿತು. ಗರ್ಭದ ಕಾಲದಲ್ಲೂ, ವೈದ್ಯರು ಅಗತ್ಯ ಕಂಡರೆ, ಮುಂದುವರಿಸುವ ರೂಢಿ ಇದೆ.

ಅಡಾಲಿಮುಮ್ಯಾಬ್‌ಗೆ ಮೊದಲು ಎರಡು ವಿಷಯ ಗಟ್ಟಿ ಮಾಡಿಕೊಳ್ಳಬೇಕು. ಒಂದು, ದೇಹದಲ್ಲಿ ಮಲಗಿರುವ ಕ್ಷಯ ಮತ್ತು ಹೆಪಟೈಟಿಸ್ ಬಿ. ಇವನ್ನು ಈ ಔಷಧಿ ಎಬ್ಬಿಸಬಲ್ಲದು. ಇನ್ನೊಂದನ್ನು ಎಷ್ಟೋ ಸಲ ಮರೆಯುತ್ತಾರೆ. ಕಣ್ಣಿನ ನಡುಭಾಗದ ಉರಿಯೂತಕ್ಕೂ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರಗಳ ಕಾಯಿಲೆಗೂ ನಂಟಿದೆ. ಟಿಎನ್ಎಫ್ ತಡೆಯುವ ಔಷಧಿಗಳು ಆ ಕಾಯಿಲೆಯನ್ನು ಕೆರಳಿಸುತ್ತವೆ. ಹಿಂದೆ ಯಾವಾಗಲಾದರೂ ಕೈಕಾಲು ವಾರಗಟ್ಟಲೆ ಜೋಮು ಹಿಡಿದಿತ್ತಾ, ನಡಿಗೆ ತೂರಾಡಿತ್ತಾ, ಒಂದು ಕಣ್ಣಿನ ನೋಟ ನೋವಿನ ಜೊತೆ ಕೆಲವು ದಿನ ಹೋಗಿ ಬಂದಿತ್ತಾ? ಹೌದಾದರೆ ಮೊದಲೇ ಹೇಳಿ. ಮಿದುಳಿನ ಎಂಆರ್‌ಐ ಮಾಡಿಸಿ ಆಮೇಲೆ ತೀರ್ಮಾನ ಮಾಡುತ್ತಾರೆ.

ಕಣ್ಣಿಗೆ ಕೊಡುವ ಇಂಜೆಕ್ಷನ್ ಬಗ್ಗೆ ಕೇಳಿದ್ದೀರಿ. ತೊಂದರೆ ಒಂದೇ ಕಣ್ಣಿನಲ್ಲಿದ್ದರೆ ಇದು ಮಾತಾಡಲೇಬೇಕಾದ ಆಯ್ಕೆ. ದೇಹಕ್ಕೆಲ್ಲ ಔಷಧಿ ಹರಡದೆ ಕಣ್ಣಿಗಷ್ಟೇ ಸ್ಟೀರಾಯ್ಡ್ ಸಿಗುತ್ತದೆ. ಕಣ್ಣುಗುಡ್ಡೆಯ ಪಕ್ಕ ಟ್ರಯಾಮ್ಸಿನೊಲೋನ್ ಅನ್ನುವ ಸ್ಟೀರಾಯ್ಡ್ ಕೊಡಬಹುದು, ಕಣ್ಣಿನ ಒಳಗೇ ಕೊಡಬಹುದು. 0.7 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಇರುವ, ಕಣ್ಣಿನೊಳಗೆ ಇಡುವ ಪುಟ್ಟ ಕಡ್ಡಿಯೂ ಇದೆ. ಅದು ಒಳಗೆ ಕರಗುತ್ತಾ ಕೆಲವು ತಿಂಗಳು ಕೆಲಸ ಮಾಡುತ್ತದೆ. ಮ್ಯಾಕ್ಯುಲಾ ಊತಕ್ಕೆ ಈ ಮೂರನ್ನೂ ಹೋಲಿಸಿದ ಪಾಯಿಂಟ್ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಪಕ್ಕದ ಇಂಜೆಕ್ಷನ್‌ಗಿಂತ ಒಳಗೆ ಕೊಡುವ ಎರಡೂ ಚೆನ್ನಾಗಿ ಕೆಲಸ ಮಾಡಿದವು. ಕಣ್ಣನ್ನು ಮರಗಟ್ಟಿಸಿ ಕೊಡುತ್ತಾರೆ. ಚುಚ್ಚಿದ್ದು ಗೊತ್ತಾಗುವುದಕ್ಕಿಂತ ಅದರ ಬಗ್ಗೆ ಯೋಚಿಸುವ ಭಯವೇ ದೊಡ್ಡದು. ಮಗುವಿಗೆ ಯೋಚಿಸುತ್ತಿರುವವರಿಗೆ ಈ ದಾರಿ ಎಷ್ಟೋ ಸಲ ಅನುಕೂಲ.

ಆದರೆ ಇದನ್ನೇ ಶಾಶ್ವತ ಪರಿಹಾರ ಅಂದುಕೊಳ್ಳಬೇಡಿ. ಪೊರೆ ಬರುವುದು, ಒತ್ತಡ ಏರುವುದು ಕಣ್ಣಿನ ಒಳಗಿನ ಸ್ಟೀರಾಯ್ಡ್‌ನಲ್ಲಿ ಜಾಸ್ತಿ. ಮಸ್ಟ್ ಅನ್ನುವ ಅಧ್ಯಯನದಲ್ಲಿ ಕಣ್ಣಿನೊಳಗೆ ಕೂರಿಸುವ, ವರ್ಷಗಟ್ಟಲೆ ಸ್ಟೀರಾಯ್ಡ್ ಬಿಡುವ ಫ್ಲುಒಸಿನೊಲೋನ್ ಇಂಪ್ಲಾಂಟ್ ಒಂದು ಗುಂಪಿಗೆ, ಮಾತ್ರೆಗಳ ಚಿಕಿತ್ಸೆ ಇನ್ನೊಂದು ಗುಂಪಿಗೆ ಕೊಟ್ಟರು. ಎರಡು ವರ್ಷಕ್ಕೆ ನೋಟದಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಏಳು ವರ್ಷಕ್ಕೆ ಮಾತ್ರೆಯವರ ನೋಟವೇ ಚೆನ್ನಾಗಿ ಉಳಿದಿತ್ತು, ಕಣ್ಣು ಪರೀಕ್ಷೆಯ ಹಲಗೆಯಲ್ಲಿ ಸುಮಾರು ಏಳು ಅಕ್ಷರಗಳಷ್ಟು. ಮಾತ್ರೆಗಳಿಗೆ ಹೆದರಬೇಡಿ ಅಂತ ನಾನು ಒತ್ತಿ ಹೇಳುವುದಕ್ಕೆ ದೊಡ್ಡ ಕಾರಣ ಈ ಫಲಿತಾಂಶ. ಸರಿಯಾಗಿ ಪರೀಕ್ಷೆ ಮಾಡಿಸುತ್ತಾ ತೆಗೆದುಕೊಂಡರೆ ಅವು ಹತ್ತಾರು ವರ್ಷದ ನೋಟವನ್ನು ಉಳಿಸಿಕೊಡುತ್ತವೆ.

ಎಷ್ಟು ಕಾಲ ತೆಗೆದುಕೊಳ್ಳಬೇಕು ಅಂತ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಸ್ಟೀರಾಯ್ಡ್ ಇಲ್ಲದೆ ಸುಮಾರು ಎರಡು ವರ್ಷ ಕಣ್ಣು ಶಾಂತವಾಗಿದ್ದರೆ ಔಷಧಿ ಇಳಿಸಲು ನೋಡುವುದು ರೂಢಿ. ಕೆಲವರಿಗೆ ಮತ್ತೆ ಬರುವುದಿಲ್ಲ, ಕೆಲವರಿಗೆ ಬರುತ್ತದೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ಈ ಉರಿಯೂತ ತಾನಾಗಿ ತಗ್ಗುವುದು ಸಾಮಾನ್ಯ. ಹೆರಿಗೆಯಾದ ಮೊದಲ ಆರು ತಿಂಗಳಲ್ಲಿ ಮರಳುವುದೂ ಅಷ್ಟೇ ಸಾಮಾನ್ಯ. ಬಾಣಂತನದಲ್ಲಿ ಕಣ್ಣಿನ ತಪಾಸಣೆಯನ್ನು ಯಾರೂ ನೆನಪಿಸುವುದಿಲ್ಲ. ಆ ದಿನಾಂಕವನ್ನು ಈಗಲೇ ಯೋಜನೆಯಲ್ಲಿ ಸೇರಿಸಿಕೊಳ್ಳಿ. ನೀವು ಸಿಗರೇಟ್ ಸೇದುವವರಾದರೆ ಬಿಡಿ, ಮ್ಯಾಕ್ಯುಲಾ ಊತಕ್ಕೂ ಅದಕ್ಕೂ ಸಂಬಂಧ ಇದೆ. ಈ ಔಷಧಿಗಳ ಮೇಲೆ ಇರುವಾಗ ಜೀವಂತ ವೈರಸ್ ಇರುವ ಲಸಿಕೆ ಬೇಡ. ಬೇಕಾದ ಲಸಿಕೆ ಯಾವುದಿದ್ದರೂ ಶುರುವಿಗೆ ಮೊದಲೇ ವಿಚಾರಿಸಿ.

ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಪುಸ್ತಕದ ಸಾಲು ಓದಿ ನೋಡುವುದನ್ನು ವಾರಕ್ಕೊಮ್ಮೆ ಮಾಡಿ. ಎರಡೂ ಕಣ್ಣು ತೆರೆದಿದ್ದರೆ ಒಳ್ಳೆಯ ಕಣ್ಣು ಇನ್ನೊಂದರ ಕೊರತೆಯನ್ನು ಮುಚ್ಚಿಹಾಕುತ್ತದೆ. ಸಾಲು ಡೊಂಕಾಗಿ ಕಂಡರೆ, ಚುಕ್ಕೆಗಳು ಒಮ್ಮೆಗೇ ಹೆಚ್ಚಾದರೆ, ಮಿಂಚು ಹೊಳೆದಂತೆ ಆದರೆ, ನೋಟದ ಒಂದು ಬದಿಗೆ ಪರದೆ ಇಳಿದಂತೆ ಅನ್ನಿಸಿದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಅದೇ ದಿನ ಹೋಗಿ. ಕಣ್ಣಿಗೆ ಇಂಜೆಕ್ಷನ್ ತಗೊಂಡ ಮೇಲಿನ ದಿನಗಳಲ್ಲಿ ನೋವು ಏರುತ್ತಾ ನೋಟ ಇಳಿಯುತ್ತಾ ಹೋದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ. ಮತ್ತೆ ಔಷಧಿ ಮೇಲಿರುವಾಗ ಜ್ವರ ಬಂದರೆ ಆ ವಾರದ ಮೆಥೊಟ್ರೆಕ್ಸೇಟ್ ಅಥವಾ ಅಡಾಲಿಮುಮ್ಯಾಬ್ ತೆಗೆದುಕೊಳ್ಳುವ ಮುಂಚೆ ವೈದ್ಯರಿಗೆ ಒಂದು ಫೋನ್ ಮಾಡಿ ಕೇಳಿ.